ಸಭೆ ಹನ್ನೊಂದಕ್ಕೆ, ಇನ್‌ಸ್ಟಾಲ್ ಹತ್ತು ಐವತ್ತಕ್ಕೆ

ಮೂರು ದಿನದಿಂದ ಮಳೆ ಬಿಡುವು ಕೊಟ್ಟಿದೆ. ಎರಡನೇ ಸುತ್ತಿನ ಔಷಧಿ ಹೊಡೆಸಿ ಆಯ್ತು, ದೋಟಿಯವರು ನಿನ್ನೆ ಸಂಜೆ ಹೊರಟರು. ಹಂಗಾಗಿ ಕೂತು ಬರೆಯಲಿಕ್ಕೆ ಇವತ್ತು ಪುರುಸೊತ್ತು ಸಿಕ್ತು. ಈ ಸಲದ್ದು ನೇರವಾಗಿ ತೋಟದ ವಿಷಯ ಅಲ್ಲ, ಆದರೆ ತೋಟಕ್ಕೆ ಸಂಬಂಧ ಇಲ್ಲದ್ದೂ ಅಲ್ಲ. ಮನೆ ಕಂಪ್ಯೂಟರಿಗೆ ವಿಡಿಯೊ ಮೀಟಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳೋ ವಿಷಯ. ಇದೆಂಥ ಮಾರಾಯ್ರೆ, ಇದನ್ನೂ ಬರೀಬೇಕಾ ಅಂತ ಕೇಳಬಹುದು. ಬರೀಬೇಕು. ಯಾಕೆ ಅಂದ್ರೆ ಕಳೆದ ವರ್ಷ ಇದೊಂದು ಗೊತ್ತಿಲ್ಲದೆ ನಾನು ಕಳಕೊಂಡದ್ದು ಸಣ್ಣದಲ್ಲ.

ನಡೆದದ್ದು ಹೇಳ್ತೀನಿ. ಕಳೆದ ಮಳೆಗಾಲದಲ್ಲಿ ಮೇಲಿನ ತೋಟದ ಸೋಗೆಗಳಲ್ಲಿ ಎಲೆಚುಕ್ಕಿ ಕಾಣಿಸ್ತು. ಮೊದಲು ಹತ್ತು ಮರ, ಎರಡು ವಾರಕ್ಕೆ ಇಡೀ ಸಾಲು. ಅಷ್ಟೊತ್ತಿಗೆ ವಾಟ್ಸಾಪಿನಲ್ಲಿ ಒಂದು ಸುದ್ದಿ ಬಂತು, ನಾಳೆ ಬೆಳಿಗ್ಗೆ 11 ಗಂಟೆಗೆ ಎಲೆಚುಕ್ಕಿ ಬಗ್ಗೆ ವಿಜ್ಞಾನಿಗಳ ಜೊತೆ ಆನ್‌ಲೈನ್ ಮಾತುಕತೆ, ಝೂಮ್ ಲಿಂಕು ಕೆಳಗಿದೆ ಅಂತ. ಅಕ್ಕಪಕ್ಕದ ಐದು ಜನಕ್ಕೆ ನಾನೇ ಫೋನು ಮಾಡಿದೆ. ‘ಮೊಬೈಲಲ್ಲಿ ಆರು ಜನ ತಲೆ ತೂರಿಸೋದು ಬೇಡ, ನಮ್ಮನೆ ಲ್ಯಾಪ್‌ಟಾಪಲ್ಲೇ ನೋಡುವಾ, ಎಲೆಯನ್ನೂ ಕ್ಯಾಮೆರಾ ಎದುರು ಹಿಡಿದು ತೋರಿಸುವಾ’ ಅಂದೆ. ಮಗಳ ಆನ್‌ಲೈನ್ ಕ್ಲಾಸಿಗೆ ಅಂತ 2020ರಲ್ಲಿ ತಂದ ಲ್ಯಾಪ್‌ಟಾಪು. ಅವಳು ಹಾಸ್ಟೆಲಿಗೆ ಹೋದಮೇಲೆ ಕಪಾಟು ಸೇರಿತ್ತು.

ಹತ್ತು ಐವತ್ತಕ್ಕೆ ಆನ್ ಮಾಡಿದೆ. ಎರಡು ವರ್ಷ ಮುಟ್ಟದ ಲ್ಯಾಪ್‌ಟಾಪು, ಅದರದ್ದೇ ಅಪ್‌ಡೇಟ್ ಶುರು ಮಾಡಿತು. ಐದು ಜನ ಜಗಲಿ ಮೇಲೆ ಚೀಲದಲ್ಲಿ ರೋಗದ ಎಲೆ ಇಟ್ಕೊಂಡು ಕೂತಿದ್ದಾರೆ. ಹನ್ನೊಂದು ಹೊಡೀತು. ಅದರಲ್ಲಿ ಝೂಮೇ ಇರಲಿಲ್ಲ, ಮಗಳು ಯಾವಾಗಲೋ ತೆಗೆದಿದ್ದಳು. ಗೂಗಲಲ್ಲಿ ಝೂಮ್ ಡೌನ್‌ಲೋಡ್ ಅಂತ ಹುಡುಕಿದೆ. ಮೊಟ್ಟಮೊದಲು ಬಂದದ್ದನ್ನು ಒತ್ತಿದೆ. ದೊಡ್ಡ ಹಸಿರು ಬಟನ್ನು. ಫೋನ್ ನಂಬರ್ ಕೇಳ್ತು, ಕೊಟ್ಟೆ. ನೆಕ್ಸ್ಟ್, ನೆಕ್ಸ್ಟ್, ಯೆಸ್. ಏನೇನೋ ಬಂದು ಕೂತವು, ಝೂಮ್ ಒಂದು ಬಿಟ್ಟು. ‘ನಿಮ್ಮ ಕಂಪ್ಯೂಟರಿನಲ್ಲಿ ದೋಷ ಇದೆ’ ಅಂತ ಕೆಂಪು ಅಕ್ಷರದಲ್ಲಿ ಒಂದು ಕಿಟಕಿ ತೆರೆದುಕೊಂಡದ್ದು ಮುಚ್ಚಲಿಕ್ಕೇ ಆಗ್ಲಿಲ್ಲ. ಕೊನೆಗೆ ಪಕ್ಕದ ಮನೆ ಹುಡುಗ ತನ್ನ ಮೊಬೈಲಲ್ಲಿ ಸೇರಿಕೊಂಡ. ಅಷ್ಟೊತ್ತಿಗೆ ಅಲ್ಲಿ ಧನ್ಯವಾದ ಸಮರ್ಪಣೆ ನಡೀತಿತ್ತು.

ಆ ಸಭೆಯಲ್ಲಿ ಹೇಳಿದ್ದು ಏನು ಅಂತ ನನಗೆ ಗೊತ್ತಾದದ್ದು ತಿಂಗಳ ಮೇಲೆ, ಸೇರಿದ್ದ ಬೇರೆ ಊರಿನವರೊಬ್ಬರಿಂದ. ಕೊಳೆಗೆ ಹೊಡೆದ ಹಂಗೆ ಗೊನೆಗೆ ಮಾತ್ರ ಹೊಡೆದರೆ ಸಾಲದು, ಸೋಗೆಗೂ ತಾಗಬೇಕು. ಜೋರು ರೋಗ ಬಂದ ಸೋಗೆ ತೆಗೆದು ಸುಡಬೇಕು, ಮರದ ಬುಡದಲ್ಲೇ ಬಿಡಬಾರದು. ಅಷ್ಟೇ ಮಾತು. ನಾನು ಅಪ್ಪನ ಕಾಲದ ಅಭ್ಯಾಸದಂತೆ ಗೊನೆಗೆ ಮಾತ್ರ ಹೊಡೆಸಿ, ಬಿದ್ದ ಸೋಗೆಯನ್ನು ಅಲ್ಲೇ ಮುಚ್ಚಿಗೆ ಮಾಡಿಸಿದ್ದೆ. ರೋಗಕ್ಕೆ ಊಟ ಹಾಕಿದಂಗೆ ಆಯ್ತು. ಈ ವರ್ಷ ಮೇಲಿನ ತೋಟದ ಮರಗಳ ತಲೆ ನೋಡಿದ್ರೆ ಹೊಟ್ಟೆ ಉರೀತದೆ.

ಅಲ್ಲಿಗೂ ಮುಗೀಲಿಲ್ಲ. ನಾಲ್ಕು ದಿನ ಬಿಟ್ಟು ಒಂದು ಫೋನು. ‘ಸರ್, ನಿಮ್ಮ ಕಂಪ್ಯೂಟರಲ್ಲಿ ವೈರಸ್ ಇದೆ, ಒಂದು ಆ್ಯಪ್ ಹಾಕ್ಕೊಳ್ಳಿ, ಇಲ್ಲಿಂದಲೇ ಸರಿ ಮಾಡಿಕೊಡ್ತೀವಿ, 10 ರೂಪಾಯಿ ಮಾತ್ರ’ ಅಂದ. ನಿಜ ಹೇಳ್ತೀನಿ, ನಾನು ಕೂತು ಶುರು ಮಾಡಿದ್ದೆ. ಒಳಗಿಂದ ಬಂದ ಮನೆಯವಳು ಒಂದೇ ಪ್ರಶ್ನೆ ಕೇಳಿದಳು: ‘ರೀ, ನಮ್ಮ ಕಂಪ್ಯೂಟರಿಗೆ ಕಾಯಿಲೆ ಅಂತ ನಾವು ಯಾರಿಗೂ ಹೇಳಿಲ್ಲ. ಆ ಪುಣ್ಯಾತ್ಮನಿಗೆ ಹೆಂಗೆ ಗೊತ್ತಾಯ್ತು?’ ನಾನು ಫೋನ್ ಇಟ್ಟೆ. ಸೊಸೈಟಿಯ ದುಡ್ಡು ಬಂದು ಖಾತೆಯಲ್ಲಿದ್ದ ವಾರ ಅದು.

ಇದನ್ನೆಲ್ಲ ಹೇಳಿದಾಗ ಸಂಘದ ಕಟ್ಟೆಯಲ್ಲಿ ಹಿರಿಯರೊಬ್ಬರು, ‘ಅದಕ್ಕೇ ಹೇಳೋದು, ನಮಗ್ಯಾಕೆ ಆ ಉಸಾಬರಿ, ಮೊಬೈಲೊಂದಿದ್ರೆ ಸಾಕು’ ಅಂದ್ರು. ಅವರ ಮೇಲೆ ನನಗೆ ಗೌರವ ಇದೆ, ಆದರೆ ಈ ಮಾತು ಒಪ್ಪಲಿಕ್ಕೆ ಆಗ್ಲಿಲ್ಲ. ನನ್ನ ಅಭಿಪ್ರಾಯ ಇದು: ಮನೆಯಲ್ಲಿ ಕಂಪ್ಯೂಟರ್ ಇರುವ ಪ್ರತಿಯೊಬ್ಬ ರೈತನೂ ವಿಡಿಯೊ ಸಭೆಯ ಒಂದು ಸಾಫ್ಟ್‌ವೇರನ್ನು ತನ್ನ ಕೈಯಾರೆ, ಬೇಕಾಗುವ ದಿನಕ್ಕಿಂತ ಮೊದಲೇ, ಅದರ ಸ್ವಂತ ಜಾಗದಿಂದಲೇ ತಂದು ಹಾಕಿ ಇಟ್ಟುಕೊಳ್ಳಬೇಕು. ಮಗ ಬಂದಾಗ ಹಾಕ್ತಾನೆ, ಪೇಟೆ ಅಂಗಡಿಯವನು ಹಾಕ್ತಾನೆ ಅಂತ ಬಿಡಬಾರದು.

ಮೊಬೈಲ್ ಸಾಕು ಅನ್ನೋದು ಅರ್ಧ ಸತ್ಯ. ಬರೇ ಕೇಳಲಿಕ್ಕೆ ಮೊಬೈಲ್ ಸಾಕು. ಆದರೆ ವಿಜ್ಞಾನಿಗಳು ರೋಗದ ಚಿತ್ರ ತೋರಿಸ್ತಾರೆ, ಔಷಧಿಯ ಪಟ್ಟಿ ತೋರಿಸ್ತಾರೆ, ಅದನ್ನು ಐದು ಇಂಚಿನ ಪರದೆಯಲ್ಲಿ ಓದಿ ಬರ್ಕೊಳ್ಳೋದು ನಮ್ಮ ವಯಸ್ಸಿನವರಿಗೆ ಸಾಧ್ಯವಾ? ನಡುವೆ ಫೋನ್ ಬಂದ್ರೆ ಸಭೆ ಕಡಿದುಹೋಗ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಮಗೆ ಒಟ್ಟಿಗೆ ಕೂತು ಕೇಳಬೇಕು. ಒಬ್ಬನಿಗೆ ಹೊಳೀದ ಪ್ರಶ್ನೆ ಇನ್ನೊಬ್ಬ ಕೇಳ್ತಾನೆ. ವಿಟ್ಲದ ಸಂಶೋಧನಾ ಕೇಂದ್ರಕ್ಕೆ ಹೋಗಿ ಬರೋದು ಅಂದ್ರೆ ನಮಗೆ ಒಂದಿಡೀ ದಿನ, ಬಾಡಿಗೆ ಕಾರು, ಕೆಲಸದವರ ದಿನ ಹಾಳು. ಇರುವಕ್ಕಿಯ ವಿಶ್ವವಿದ್ಯಾಲಯ ಹತ್ತಿರ ಅಂದ್ರೂ ಹೋದ ದಿನ ಬೇಕಾದವರು ಸಿಗಬೇಕಲ್ಲ. ಅವರೇ ಪರದೆ ಮೇಲೆ ಬರ್ತೇನೆ ಅಂದಾಗ ನಮ್ಮ ಕಡೆಯ ಬಾಗಿಲು ಹಾಕಿರಬಾರದು.

ತೋಟ ಒಂದೇ ಅಲ್ಲ. ಜಮೀನಿನ ವ್ಯಾಜ್ಯ ಯಾರಿಗೆ ಇಲ್ಲ? ಕೋವಿಡ್ ನಂತರ ನ್ಯಾಯಾಲಯಗಳಲ್ಲಿ ವಿಡಿಯೊ ಮೂಲಕ ವಿಚಾರಣೆ ರೂಢಿಗೆ ಬಂದಿದೆ. ವಕೀಲರು ಬೆಂಗಳೂರಲ್ಲಿ ವಾದ ಮಾಡೋದನ್ನು ನಮ್ಮ ಜಗಲಿಯಲ್ಲಿ ಕೂತು ನೋಡಬಹುದು ಅನ್ನೋದು ಅಪ್ಪನ ಕಾಲದಲ್ಲಿ ಕನಸಲ್ಲೂ ಇರಲಿಲ್ಲ. ಮಕ್ಕಳು ಬೆಂಗಳೂರು, ಹೊರದೇಶ ಸೇರಿದ್ದಾರೆ; ಮನೆಯ ಪಾಲು ಪಂಚಾಯ್ತಿಕೆ ಮಾತುಕತೆಗೂ ಎಲ್ಲರೂ ಒಂದೇ ಪರದೆಯಲ್ಲಿ ಕೂರೋ ಕಾಲ ಇದು.

ಸರಿ, ಹೆಂಗೆ ಹಾಕೋದು? ಆಮೇಲೆ ನಾನು ಮಗಳನ್ನು ಎದುರು ಕೂರಿಸಿಕೊಂಡು, ಅವಳ ಕೈ ಹಿಂದೆ ಕಟ್ಟಿಸಿ, ನಾನೇ ಮಾಡಿ ಕಲಿತದ್ದು ಇಷ್ಟು.

ಮೊದಲನೇದು, ಹಾಕಲೇಬೇಕಾ ಅಂತ ನೋಡಿ. ಗೂಗಲ್ ಮೀಟ್‌ಗೆ ಕಂಪ್ಯೂಟರಲ್ಲಿ ಏನೂ ಇನ್‌ಸ್ಟಾಲ್ ಬೇಡ. ಲಿಂಕ್ ಒತ್ತಿದರೆ ಕ್ರೋಮಿನಲ್ಲೇ ತೆರೀತದೆ. ಝೂಮಿನ ಲಿಂಕ್ ಒತ್ತಿದಾಗಲೂ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬ್ರೌಸರಿನಿಂದಲೇ ಸೇರಿ’ ಅನ್ನೋ ಅರ್ಥದ ಸಾಲು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಇರ್ತದೆ. ಅವತ್ತು ಇದೊಂದು ಗೊತ್ತಿದ್ದಿದ್ರೆ ನನ್ನ ಕತೆಯೇ ಬೇರೆ. ವರ್ಷಕ್ಕೊಂದು ಸಭೆ ಅಂದ್ರೆ ಅಷ್ಟೇ ಸಾಕು. ತಿಂಗಳಿಗೆ ಎರಡು ಮೂರು ಸಭೆ ಇದ್ರೆ, ಚಿತ್ರ ತೋರಿಸೋದು, ಮಾತಾಡೋದು ಇದ್ರೆ, ಸಾಫ್ಟ್‌ವೇರ್ ಹಾಕೋದು ವಾಸಿ.

ಎರಡನೇದು, ಎಲ್ಲಿಂದ ತರೋದು. ಇದೇ ಜೀವಾಳ. ಹುಡುಕಿದಾಗ ಮೇಲೆ ಬರೋದೆಲ್ಲ ಒಳ್ಳೇದಲ್ಲ. ದುಡ್ಡು ಕೊಟ್ಟವನ ಜಾಹೀರಾತು ಮೇಲೆ ಕೂತಿರ್ತದೆ, ಪಕ್ಕದಲ್ಲಿ ಸಣ್ಣಗೆ ಪ್ರಾಯೋಜಿತ ಅಂತಲೋ ಸ್ಪಾನ್ಸರ್ಡ್ ಅಂತಲೋ ಬರೆದಿರ್ತದೆ. ಹುಡುಕಲೇಬೇಡಿ. ಮೇಲಿನ ವಿಳಾಸದ ಪಟ್ಟಿಯಲ್ಲಿ ಕಂಪನಿಯ ವಿಳಾಸವನ್ನೇ ಟೈಪ್ ಮಾಡಿ: ಝೂಮ್ ಡಾಟ್ ಯುಎಸ್, ಆಮೇಲೆ ಒಂದು ಓರೆ ಗೆರೆ, ಆಮೇಲೆ ಡೌನ್‌ಲೋಡ್. ಅಕ್ಷರ ಒಂದೊಂದೂ ನೋಡಿ. ಗುರುತಿಲ್ಲದ ಅಂಗಡಿಯಲ್ಲಿ ಮೈಲುತುತ್ತ ತಗೊಳ್ತೀರಾ? ಇದೂ ಹಂಗೇ.

ಮೂರನೇದು, ಇಳಿಸಿದ ಫೈಲನ್ನು ತೆರೆಯೋ ಮೊದಲು ಗುರುತು ನೋಡೋದು. ಡೌನ್‌ಲೋಡ್ಸ್ ಫೋಲ್ಡರಿಗೆ ಹೋಗಿ, ಫೈಲಿನ ಮೇಲೆ ಬಲಗಡೆ ಬಟನ್ ಒತ್ತಿ ಪ್ರಾಪರ್ಟೀಸ್ ತೆರೀರಿ. ಅಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಅಂತ ಒಂದು ಭಾಗ ಇರ್ತದೆ. ಅದರಲ್ಲಿ ಝೂಮ್ ಕಂಪನಿಯ ಹೆಸರು ಇರಬೇಕು. ಆ ಭಾಗವೇ ಇಲ್ಲ, ಅಥವಾ ಬೇರೆ ಯಾರದ್ದೋ ಹೆಸರಿದೆ ಅಂದ್ರೆ ಅಳಿಸಿ ಹಾಕಿ. ಗೊಬ್ಬರದ ಚೀಲದ ಹೊಲಿಗೆ ನೋಡಿದಂಗೆ, ಅರ್ಧ ನಿಮಿಷದ ಕೆಲಸ.

ನಾಲ್ಕನೇದು, ಹಾಕುವಾಗ ಕೇಳಬಾರದ್ದು ಕೇಳಿದರೆ ನಿಲ್ಲಿಸಿ. ಬೇರೆಯವರು ಕರೆದ ಸಭೆಗೆ ಸೇರಲಿಕ್ಕೆ ಝೂಮಿಗೆ ದುಡ್ಡು ಬೇಡ, ಕಾರ್ಡ್ ನಂಬರ್ ಬೇಡ, ಬ್ಯಾಂಕಿನ ಒಟಿಪಿ ಬೇಡವೇ ಬೇಡ. ಸಾಮಾನ್ಯವಾಗಿ ಖಾತೆ ತೆರೆಯೋದೂ ಬೇಡ, ಮೀಟಿಂಗ್ ನಂಬರ್, ಪಾಸ್‌ಕೋಡ್ ಇದ್ರೆ ಆಯ್ತು. ನಾವೇ ಸಭೆ ಕರೆಯೋದಾದ್ರೆ ಮಾತ್ರ ಖಾತೆ ಬೇಕು. ಬಿಟ್ಟಿ ಖಾತೆಯಲ್ಲಿ ಝೂಮ್ 40 ನಿಮಿಷಕ್ಕೆ ನಿಲ್ಲಿಸ್ತದೆ, ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನ ಇದ್ರೆ 60 ನಿಮಿಷ. ಎರಡರಲ್ಲೂ 100 ಜನ ಸೇರಬಹುದು. ನಮ್ಮ ಸಂಘದ ಸಭೆಗೆ 40 ನಿಮಿಷ ಸಾಕು, ಉಳಿದದ್ದು ಹೆಂಗೂ ಹರಟೆ.

ಐದನೇದು, ಪರೀಕ್ಷೆ. ಬೋರ್ಡೋ ಮಾಡುವಾಗ ಏನು ಮಾಡ್ತೀವಿ? ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು, ಹೊಡೆಯೋ ಮೊದಲು ಹೊಳಪಿನ ಕತ್ತಿ ಅದ್ದಿ ನೋಡ್ತೀವಿ. ಕೆಂಪು ಹಿಡಿದ್ರೆ ಇನ್ನೂ ಸುಣ್ಣ ಬೇಕು. ಕತ್ತಿ ಅದ್ದದೆ ಮರಕ್ಕೆ ಹೊಡೆದವರುಂಟಾ? ವಿಡಿಯೊ ಸಭೆಗೂ ಕತ್ತಿ ಅದ್ದೋ ಜಾಗ ಇದೆ. ಝೂಮ್ ಡಾಟ್ ಯುಎಸ್, ಓರೆ ಗೆರೆ, ಟೆಸ್ಟ್ ಅಂತ ಟೈಪ್ ಮಾಡಿದರೆ ಪರೀಕ್ಷೆಯ ಸಭೆ ತೆರೀತದೆ. ನಿಮ್ಮ ಮುಖ ಕಾಣ್ತದಾ, ಧ್ವನಿ ಹೋಗ್ತದಾ, ಅಲ್ಲೇ ಗೊತ್ತಾಗ್ತದೆ. ಮುಖ ಕಾಣ್ಲಿಲ್ಲ ಅಂದ್ರೆ ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅನ್ನೋ ಕಡೆ ಕ್ಯಾಮೆರಾ, ಮೈಕ್ರೊಫೋನ್ ಎರಡಕ್ಕೂ ಅನುಮತಿ ಇದೆಯಾ ನೋಡಿ. ಕೆಲವು ಲ್ಯಾಪ್‌ಟಾಪಿನ ಕ್ಯಾಮೆರಾ ಮೇಲೆ ಸಣ್ಣ ಮುಚ್ಚಳ ಇರ್ತದೆ. ನಾನು ಅರ್ಧ ಗಂಟೆ ಸೆಟ್ಟಿಂಗ್ಸ್ ಕೆದಕಿ ಕೊನೆಗೆ ನೋಡಿದ್ರೆ ಮುಚ್ಚಳ ಹಾಕಿತ್ತು.

ಡೇಟಾ ವಿಷಯ. ಗುಂಪಿನ ವಿಡಿಯೊ ಸಭೆ ಗಂಟೆಗೆ ಸುಮಾರು 1 ಜಿಬಿ ತಿನ್ನಬಹುದು, ಕೆಲವೊಮ್ಮೆ ಹೆಚ್ಚೇ. ಮೊಬೈಲಿನ ಹಾಟ್‌ಸ್ಪಾಟಿಂದ ಕೊಡೋರು ಬೆಳಿಗ್ಗೆಯೇ ರೀಲ್ಸ್ ನೋಡಿ ಖಾಲಿ ಮಾಡಬೇಡಿ. ಸಿಗ್ನಲ್ ಕಮ್ಮಿ ಇದ್ರೆ ನಿಮ್ಮ ಕ್ಯಾಮೆರಾ ಆಫ್ ಮಾಡಿ, ಅವರ ಧ್ವನಿ ಸರಿಯಾಗಿ ಬರ್ತದೆ. ಎಲೆ ತೋರಿಸೋ ಹೊತ್ತಿಗೆ ಮಾತ್ರ ಆನ್ ಮಾಡಿ. ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ, ಹಿಂದಿನ ರಾತ್ರಿಯೇ ಚಾರ್ಜ್ ಮಾಡಿ ಇಡಿ.

ಹಳೇ ಲ್ಯಾಪ್‌ಟಾಪಿನವರಿಗೆ ಒಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಂಗಂತ ಎಸೆಯೋದು ಬೇಡ, ಸಭೆಗೆ ನಡೀತದೆ. ಆದರೆ ಅದೇ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಇಟ್ಕೊಳ್ಳಬೇಡಿ ಅನ್ನೋದು ನನ್ನ ಸಲಹೆ. ಸ್ಕೈಪ್ ನೆನಪಿರೋರು ಅದನ್ನು ಹುಡುಕಬೇಡಿ, 2025ರ ಮೇ 5ಕ್ಕೆ ಅದು ಮುಚ್ಚಿತು. ಅದರ ಹೆಸರಲ್ಲಿ ಯಾರಾದ್ರೂ ಏನಾದ್ರೂ ಹಾಕ್ಕೊಳ್ಳಿ ಅಂದ್ರೆ ಅನುಮಾನ ಪಡಬೇಕು.

ಇನ್ನು ಹೆದರಿಕೆಯ ಮಾತು. ವಿಡಿಯೊ ಕಾಲ್ ಅಂದ್ರೇ ಮೋಸ ಅನ್ನೋ ಹಂಗಾಗಿದೆ ಈಗ. ಪೊಲೀಸ್ ವೇಷದಲ್ಲಿ ಪರದೆ ಮೇಲೆ ಕೂತು ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ ದುಡ್ಡು ಕೀಳೋರ ಸುದ್ದಿ ಪೇಪರಲ್ಲಿ ಓದ್ತಾನೇ ಇದ್ದೀವಿ. ಕಾನೂನಿನಲ್ಲಿ ಹಂಗಿನ ಅರೆಸ್ಟೇ ಇಲ್ಲ. 2024ರ ಅಕ್ಟೋಬರಿನ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೂ ಇದನ್ನೇ ಹೇಳಿದರು. ದೂರದಿಂದ ನಮ್ಮ ಯಂತ್ರವನ್ನೇ ಹಿಡಿತಕ್ಕೆ ತಗೊಳ್ಳೋ ಆ್ಯಪ್‌ಗಳ ಬಗ್ಗೆ ರಿಸರ್ವ್ ಬ್ಯಾಂಕು 2019ರಲ್ಲೇ ಎಚ್ಚರಿಸಿತ್ತು. ಸಭೆಯ ಸಾಫ್ಟ್‌ವೇರ್ ಬೇರೆ, ಅದು ಬೇರೆ. ಸಭೆಯ ಸಾಫ್ಟ್‌ವೇರ್ ಅಂದ್ರೆ ಜಗಲಿ, ಬಂದವರು ಕೂತು ಮಾತಾಡಿ ಹೋಗ್ತಾರೆ. ಇನ್ನೊಂದು ಅಂದ್ರೆ ಕಪಾಟಿನ ಕೀಲಿಕೈ. ಝೂಮಿನಲ್ಲೂ ಎದುರಿನವರು ‘ರಿಮೋಟ್ ಕಂಟ್ರೋಲ್’ ಕೇಳಬಹುದು, ಕೇಳಿದ್ರೆ ಕೊಡಬೇಡಿ. ದುಡ್ಡು ಹೋಯ್ತು ಅಂದ್ರೆ ನಾಚಿಕೆ ಪಟ್ಟು ಕೂರದೆ ಕೂಡಲೇ 1930ಕ್ಕೆ ಫೋನು ಮಾಡಿ. ಬೇಗ ಮಾಡಿದಷ್ಟೂ ದುಡ್ಡು ತಡೆಯೋ ಸಾಧ್ಯತೆ ಹೆಚ್ಚು.

‘ದೊಡ್ಡವರಿಗೇ ಆಗಿಲ್ಲ, ನಮ್ಮಿಂದಾಗ್ತದಾ’ ಅಂತಲೂ ಕೇಳ್ತಾರೆ. ಅದೂ ಹೌದು. 2023ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ವಿಡಿಯೊ ವಿಚಾರಣೆಯಲ್ಲೇ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ಹಾಕಿ, ಕೋರ್ಟು ಕೆಲಕಾಲ ವಿಡಿಯೊ ಕಲಾಪವನ್ನೇ ನಿಲ್ಲಿಸಬೇಕಾಯ್ತು. 2020ರ ಏಪ್ರಿಲಿನಲ್ಲಿ ಝೂಮ್ ಸುರಕ್ಷಿತ ಅಲ್ಲ ಅಂತ ಕೇಂದ್ರ ಗೃಹ ಇಲಾಖೆಯೇ ಸೂಚನೆ ಕೊಟ್ಟಿತ್ತು. ಅದೇ ಸೂಚನೆಯಲ್ಲಿ, ಬಳಸೋರು ಪಾಸ್‌ವರ್ಡ್ ಇಡಿ, ವೇಟಿಂಗ್ ರೂಮ್ ಇಟ್ಟು ಒಬ್ಬೊಬ್ಬರನ್ನೇ ಒಳಗೆ ಬಿಡಿ, ಎಲ್ಲರೂ ಬಂದಮೇಲೆ ಬಾಗಿಲು ಹಾಕಿ ಅಂತ ದಾರಿಯನ್ನೂ ಹೇಳಿದ್ರು. ಕಾಡುಹಂದಿ ಬಂತು ಅಂತ ಗದ್ದೆ ಮಾಡೋದು ಬಿಡ್ತೀವಾ, ಬೇಲಿ ಹಾಕ್ತೀವಾ? ನಾವು ಸಭೆ ಕರೆದಾಗ ಲಿಂಕನ್ನು ಎಲ್ಲರಿಗೂ ಕಾಣೋ ಕಡೆ ಹಾಕದೆ ನಮ್ಮ ಗುಂಪಿಗೆ ಮಾತ್ರ ಕಳಿಸಿದರೆ ಅರ್ಧ ಬೇಲಿ ಆದಂಗೆ.

ಕಲಿಯೋ ಜವಾಬ್ದಾರಿಯೆಲ್ಲ ರೈತನ ತಲೆ ಮೇಲೆ ಹಾಕೋದೂ ನ್ಯಾಯ ಅಲ್ಲ. ಸಭೆ ಕರೆಯೋರಿಗೂ ನನ್ನ ಮಾತಿದೆ. ಲಿಂಕನ್ನು ಹಿಂದಿನ ಸಂಜೆ ಕಳಿಸಬೇಡಿ, ಎರಡು ಮೂರು ದಿನ ಮೊದಲು ಕಳಿಸಿ. ಬೆಳಿಗ್ಗೆ 11 ಅಂದ್ರೆ ಆಳುಗಳು ತೋಟದಲ್ಲಿರೋ ಹೊತ್ತು, ಸಂಜೆ ಏಳಕ್ಕೆ ಇಡಿ. ಸಭೆಗೆ ಅರ್ಧ ಗಂಟೆ ಮೊದಲೇ ತೆರೆದು, ಧ್ವನಿ ಬರ್ತಾ ಇಲ್ಲ ಅನ್ನೋರಿಗೆ ಸಹಾಯ ಮಾಡೋ ಒಬ್ಬ ಮನುಷ್ಯನನ್ನು ಕೂರಿಸಿ. ರೆಕಾರ್ಡ್ ಮಾಡಿ ಹಾಕಿ. ಕನ್ನಡದಲ್ಲಿ ಮಾತಾಡಿ. ‘ಇಂತಿಷ್ಟು ಜನ ಭಾಗವಹಿಸಿದ್ದರು’ ಅಂತ ವರದಿ ಬರೆಯೋಕ್ಕಿಂತ, ಸೇರಲಿಕ್ಕೆ ಆಗದೆ ಜಗಲಿ ಮೇಲೆ ಎಲೆ ಹಿಡ್ಕೊಂಡು ಕೂತವರು ಎಷ್ಟು ಅಂತ ಯೋಚನೆ ಮಾಡಿ. ಪರದೆಯ ಸಭೆ ಮಾಡಿದ್ದೀವಿ ಅಂತ ತೋಟಕ್ಕೆ ಬರೋದನ್ನು ನಿಲ್ಲಿಸೋದೂ ಬೇಡ. ಮರದ ಮೇಲಿನ ರೋಗವನ್ನು ಕ್ಯಾಮೆರಾ ಪೂರ್ತಿ ತೋರಿಸೋದಿಲ್ಲ.

ನಮ್ಮ ಸಂಘಕ್ಕೂ ಒಂದು ಸಲಹೆ. ಕಚೇರಿಯ ಕಂಪ್ಯೂಟರಿಗೆ ಒಂದು ಕ್ಯಾಮೆರಾ, ಒಂದು ಮೈಕು, ಗೋಡೆಗೆ ಒಂದು ಟಿವಿ. ಇಷ್ಟಿದ್ರೆ ಕಂಪ್ಯೂಟರ್ ಇಲ್ಲದ ಮನೆಯವರೂ ಬಂದು ಕೂತು ಕೇಳಬಹುದು. ಎಲ್ಲರ ಮನೆಯಲ್ಲೂ ಲ್ಯಾಪ್‌ಟಾಪ್ ಇಲ್ಲ ಅನ್ನೋದನ್ನು ಮರೀಬಾರದು.

ನಾನು ಹೇಳಿದ್ದರಲ್ಲಿ ಕಷ್ಟದ್ದು ಯಾವುದೂ ಇಲ್ಲ. ಪಂಪಿನ ಸ್ಟಾರ್ಟರ್ ಬಿಚ್ಚಿ ರಿಪೇರಿ ಮಾಡೋ ನಾವು, ಕಳೆ ಯಂತ್ರದ ಕಾರ್ಬೊರೇಟರ್ ತೊಳೆಯೋ ನಾವು, ಇದಕ್ಕೆ ಮಾತ್ರ ಮಕ್ಕಳ ದಾರಿ ಕಾಯೋದು ಯಾಕೆ? ನಮಗೆ ಬರಲ್ಲ ಅಂತ ನಾವೇ ಅಂದ್ಕೊಂಡಿದ್ದೀವಿ, ಅಷ್ಟೇ. ಆ ಫೋನ್ ಮಾಡಿದವನಿಗೆ ಬೇಕಾಗಿದ್ದೂ ಅದೇ.

ಮುಂದಿನ ಶನಿವಾರ ಸಂಜೆ ದೀಪ ಹಚ್ಚೋ ಹೊತ್ತಿಗೆ ನಮ್ಮನೆ ಜಗಲಿಗೆ ಬನ್ನಿ. ಕಪಾಟಿನಲ್ಲಿ ಬಿದ್ದ ಲ್ಯಾಪ್‌ಟಾಪು, ಚಾರ್ಜರ್ ಎರಡೂ ತನ್ನಿ. ಒಬ್ಬೊಬ್ಬರೂ ಅವರವರ ಕೈಯಿಂದಲೇ ಹಾಕಿ, ಪರೀಕ್ಷೆ ಮಾಡಿ ಹೋಗುವಾ. ಅವತ್ತು ಎಲೆ ಹಿಡ್ಕೊಂಡು ಕೂತಿದ್ದ ಐದು ಜನ ಮೊದಲು ಬರಬೇಕು, ನಿಮಗೆ ನನ್ನದೊಂದು ಬಾಕಿ ಇದೆ. ಕಾಫಿ ನಮ್ಮದು.